ಕಲ್ಲಣಬೆಯ ಮೇಲೆ ಕೆಂಪು ವೈನು

ಆಗ ನನಗೆ ಐವತ್ತೆಂಟು. ಅದಾಗಿ ಇಪ್ಪತ್ತು ವರ್ಷದ ಮೇಲಾಯಿತು. ಆ ಮಧ್ಯಾಹ್ನ ಹೆದರಿದಷ್ಟು ನಾನು ಹೆರಿಗೆಯಲ್ಲೂ ಹೆದರಿದವಳಲ್ಲ.

ಕುಕ್ಕುಂದೂರಿನಲ್ಲಿ ನಮ್ಮ ಮನೆಯಿಂದ ಸ್ವಲ್ಪ ಮೇಲೆ, ಗುಡ್ಡದ ಬದಿಗೆ ಒಂದು ಹೆಂಚಿನ ಮನೆ ಉಂಟು. ಯಜಮಾನರು ದುಬೈಯಲ್ಲಿದ್ದರು. ಖಾಲಿ ಬಿದ್ದ ಮನೆಗೆ ಗೆದ್ದಲು ಹಿಡಿಯಬಾರದೆಂದು ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಅಡುಗೆ ನನ್ನದು. ಆ ಸಲ ಬಂದವರು ಇಟಲಿಯ ಗಂಡ ಹೆಂಡತಿ. ಗಂಡ ಮಣಿಪಾಲದಲ್ಲಿ ಕೆಲವು ತಿಂಗಳು ಏನೋ ಕಲಿಸಿದವನು. ಊರಿಗೆ ಹೋಗುವ ಮೊದಲು ಒಂದು ವಾರ ಹಳ್ಳಿಯಲ್ಲಿದ್ದು, ಹಳ್ಳಿಯವರು ತಿನ್ನುವುದನ್ನೇ ತಿನ್ನಬೇಕೆಂದು ಇಬ್ಬರಿಗೂ ಆಸೆ.

ಅವರನ್ನು ಸುತ್ತಾಡಿಸುತ್ತಿದ್ದ ಟ್ಯಾಕ್ಸಿಯವನು ಬಾಗಲಕೋಟೆ ಕಡೆಯವನು, ಪರ್ಕಳದಲ್ಲಿ ರೂಮು ಮಾಡಿಕೊಂಡಿದ್ದ. ಇಂಗ್ಲಿಷ್ ಸ್ವಲ್ಪ ಬರುತ್ತಿತ್ತು. ನನ್ನ ಮಾತು ಅವರಿಗೆ, ಅವರ ಮಾತು ನನಗೆ ಮುಟ್ಟುತ್ತಿದ್ದದ್ದು ಅವನಿಂದಲೇ. ಆ ಹೆಂಗಸಿಗೆ ಅವನು ಕಲಿಸಿದ ಕನ್ನಡ ಇಷ್ಟೇ: “ಚಲೋ ಐತಿ.” ಗಂಜಿ ಕೊಟ್ಟರೂ ಚಲೋ ಐತಿ, ಬಾವಿ ನೀರು ಕೊಟ್ಟರೂ ಚಲೋ ಐತಿ.

ಮೊದಲ ಗುಡುಗು ಆಗಿತ್ತು. ಗುಡುಗಿದ ಮೇಲೆ ನಮ್ಮ ಗುಡ್ಡದಲ್ಲಿ ಕಲ್ಲಣಬೆ ಏಳುತ್ತದೆ. ಕೊಡೆಯಂತೆ ಅರಳುವ ಅಣಬೆ ಅಲ್ಲ, ಮಣ್ಣಿನೊಳಗೆ ಗೋಲಿಯ ಹಾಗೆ ಇರುತ್ತದೆ. ಕೆದಕಿ ತೆಗೆಯಬೇಕು, ಗೋಣಿಯಲ್ಲಿ ತಿಕ್ಕಿ ತೊಳೆಯಬೇಕು, ಒಂದೊಂದನ್ನೂ ಸೀಳಿ ನೋಡಬೇಕು. ಒಳಗೆ ಬೆಳ್ಳಗಿದ್ದರೆ ಪಾತ್ರೆಗೆ, ಕಪ್ಪಾಗಿದ್ದರೆ ತಿಪ್ಪೆಗೆ. ಒಂದು ಬುಟ್ಟಿ ತಂದು, ಅರ್ಧವನ್ನು ನಾನೇ ಸೀಳಿ ನೋಡಿ, ತೆಂಗಿನಕಾಯಿ ಹಾಕಿ ಸುಕ್ಕ ಮಾಡಿದೆ. ಜೊತೆಗೆ ನೀರುದೋಸೆ. ಬಡಿಸಿ, ಇನ್ನೆರಡು ದೋಸೆ ಹೊಯ್ಯಲು ಒಳಗೆ ಹೋದೆ.

ತಿರುಗಿ ಬರುವಾಗ ಮೇಜಿನ ಮೇಲೆ ಬಾಟಲಿ. ಕೆಂಪು ವೈನು. ಅರ್ಧ ಮುಗಿದಿತ್ತು.

ನನ್ನ ಕೈಯಲ್ಲಿದ್ದ ದೋಸೆ ಕೆಳಗೆ ಬಿತ್ತು. ನಮ್ಮಲ್ಲಿ ಅಣಬೆ ತಿಂದ ದಿನ ಕಳ್ಳು, ಸಾರಾಯಿ ಯಾರೂ ಮುಟ್ಟುವುದಿಲ್ಲ. ನನ್ನ ಅಣ್ಣ ಮುಟ್ಟಿದ್ದ. ಮಧ್ಯಾಹ್ನ ಅಣಬೆ ತಿಂದು, ಮೇಲಿಂದ ಕಳ್ಳು ಕುಡಿದು, ನಗುತ್ತಾ ಜಗಲಿಯಲ್ಲಿ ಮಲಗಿದವನು ಸೂರ್ಯ ಮುಳುಗುವುದರೊಳಗೆ ವಾಂತಿ ಮಾಡಿ ಮಾಡಿ ಸತ್ತ. ಆಮೇಲೆ ನಮ್ಮ ಮನೆಗೆ ಅಣಬೆ ಬಂದರೆ ಕಳ್ಳಿನ ಮಡಕೆ ಅಂಗಳದ ಆಚೆ ಹೋಗುತ್ತಿತ್ತು.

ಟ್ಯಾಕ್ಸಿಯವನು ಇರಲಿಲ್ಲ, ಅವನು ಬರುವುದು ಸಂಜೆಗೆ. ಬಾಟಲಿ ತೋರಿಸಿ, ಅಣಬೆ ತೋರಿಸಿ, ಬೇಡ ಬೇಡ ಎಂದು ಕೈ ಆಡಿಸಿದೆ. ಹೊಟ್ಟೆ ಹಿಡಿದುಕೊಂಡು ನಾಲಿಗೆ ಹೊರಗೆ ಹಾಕಿ ತೋರಿಸಿದೆ. ಗಂಡಸು ನಕ್ಕು ನನಗೂ ಒಂದು ಗ್ಲಾಸು ಬಗ್ಗಿಸಿದ. ಹೆಂಗಸು ಪಾತ್ರೆಯ ತಳವನ್ನು ದೋಸೆಯಿಂದ ಒರೆಸಿ ತಿಂದು, “ಚಲೋ ಐತಿ” ಎಂದಳು. ಆಮೇಲೆ ಇಬ್ಬರೂ ಹೋಗಿ ಮಲಗಿದರು.

ಪಾತ್ರೆ ತೊಳೆಯಲು ನನ್ನ ಸೊಸೆ ಬಂದಳು. ಅವಳಿಗೆ ಹೇಳಿದೆ.

“ಅಯ್ಯೋ ಅತ್ತೆ, ಫಾರಿನ್ನಿನವರು. ಪೊಲೀಸಿನವರು ಬಂದು ಕೇಳಿದರೆ ಎಂತ ಹೇಳುವುದು?”

“ನಿನ್ನನ್ನು ಯಾರೂ ಕೇಳುವುದಿಲ್ಲ. ಅಡುಗೆ ಮಾಡಿದವಳನ್ನು ಕೇಳುತ್ತಾರೆ.”

“ಹುಣಸೆನೀರು ಕುಡಿಸಿ ವಾಂತಿ ಮಾಡಿಸುವುದಾ?”

“ಮಲಗಿದವರ ಬಾಯಿಗೆ ನೀನು ಹೊಯ್ಯುತ್ತೀಯಾ? ಸುಮ್ಮನೆ ಪಾತ್ರೆ ತೊಳಿ.”

ಅವಳಿಗೆ ಹಾಗೆ ಹೇಳಿ, ಅವರು ಮಲಗಿದ ಕೋಣೆಯ ಹೊರಗೆ ಸುತ್ತಿ ಹೋದೆ. ಕಿಟಕಿಯಲ್ಲಿ ಇಣುಕಿದೆ. ಗಂಡಸು ಬಾಯಿ ತೆರೆದು ಬಿದ್ದಿದ್ದ. ಹೆಂಗಸಿನ ಒಂದು ಕಾಲು ಮಂಚದಿಂದ ಕೆಳಗೆ ಜೋತಿತ್ತು. ಅಣ್ಣನ ಕಾಲೂ ಜಗಲಿಯಿಂದ ಹಾಗೆಯೇ ಜೋತಿತ್ತು. ಕೊಡಪಾನ ತಂದು ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಬೇಕೆಂದೇ ಬೀಳಿಸಿದೆ. ಗಂಡಸು ಮಗ್ಗುಲು ಬದಲಿಸಿದ. ಅವನು ಇದ್ದಾನೆ. ಹೆಂಗಸು ಅಲುಗಾಡಲಿಲ್ಲ.

ಕೇಳದೆ ಒಳಗೆ ಹೋದೆ. ಅವಳ ಮೂಗಿನ ಹತ್ತಿರ ಬೆರಳು ಹಿಡಿದೆ. ಉಸಿರು ಅವಳದೋ ಫ್ಯಾನಿನ ಗಾಳಿಯೋ ತಿಳಿಯಲಿಲ್ಲ. ಇನ್ನೂ ಹತ್ತಿರ ಬಗ್ಗಿದೆ. ಅವಳು ಕಣ್ಣು ಬಿಟ್ಟಳು. ಮುಖದ ಮೇಲೆ ನನ್ನ ಮುಖ ನೋಡಿ ಬೆಚ್ಚಿಬಿದ್ದಳು. ಆಮೇಲೆ ಏನು ಹೇಳುವುದೆಂದು ತೋಚದೆ, “ಚಲೋ ಐತಿ” ಎಂದಳು.

ಸಂಜೆ ಟ್ಯಾಕ್ಸಿಯವನು ಬಂದ. ಗೇಟಿನಲ್ಲೇ ತಡೆದು ಎಲ್ಲ ಹೇಳಿದೆ. ಅವನು ಒಳಗೆ ಹೋಗಿ ಅವರೊಡನೆ ಮಾತಾಡಿ ನಗುತ್ತಾ ಬಂದ.

“ಯವ್ವಾ, ಅವರ ಊರಾಗ ಗುಡ್ಡದಾಗಿನ ಅಣಬಿ ಅಗದು ತಿಂತಾರಂತ. ಜೋಡಿ ಈ ವೈನ್ ಕುಡೀಲೇಬೇಕಂತ. ಅಲ್ಲಿ ಅಣಬಿ ಎಲ್ಲೈತಿ ಅಂತ ನಾಯಿ ಮೂಸಿ ತೋರಸ್ತದಂತ.”

“ಇಲ್ಲಿ ಹುಡುಕಲು ನಾನೇ ಹೋಗುವುದು ಅಂತ ಹೇಳು.”

“ನಾಳೆನೂ ಅದನ್ನ ಮಾಡ್ರಿ ಅಂತಾರ.”

“ಸೂರ್ಯ ಮುಳುಗಲಿ ಮಾರಾಯ. ನನ್ನ ಅಣ್ಣನೂ ನಗುತ್ತಲೇ ಇದ್ದ.”

ಸೂರ್ಯ ಮುಳುಗುವವರೆಗೆ ನಾನು ಆ ಮನೆಯ ಮೆಟ್ಟಿಲಲ್ಲಿ ಕೂತವಳು ಏಳಲಿಲ್ಲ. ಇಬ್ಬರೂ ಗುಡ್ಡಕ್ಕೆ ಹೋಗಿ ನಡೆದಾಡಿ ಬಂದರು, ಚಹಾ ಕುಡಿದರು. ಯಾರೂ ವಾಂತಿ ಮಾಡಲಿಲ್ಲ. ಆದರೂ ನನಗೆ ಧೈರ್ಯ ಬರಲಿಲ್ಲ. ಅವರ ಅಣಬೆ ಅವರ ಊರಿನದ್ದು, ನಮ್ಮದು ನಮ್ಮ ಮಣ್ಣಿನದ್ದು.

ಮರುದಿನ ಬೆಳಕಾಗುತ್ತಲೇ ಹೋದೆ. ಹೆಂಗಸು ಬಾವಿಕಟ್ಟೆಯಲ್ಲಿ ನಿಂತು ಹಲ್ಲುಜ್ಜುತ್ತಿದ್ದಳು, ಒಳಗಿನಿಂದ ಗಂಡಸಿನ ಕೆಮ್ಮು ಕೇಳಿತು. ಉಳಿದಿದ್ದ ಕಲ್ಲಣಬೆಯನ್ನು ಬುಟ್ಟಿ ಸಮೇತ ಸೊಸೆಯ ಕೈಯಲ್ಲಿ ನಮ್ಮ ಮನೆಗೆ ಕಳಿಸಿದೆ. ಬಸಳೆ ಚಪ್ಪರದಿಂದ ದಪ್ಪ ದಂಟು ನೋಡಿ ಕೊಯ್ದೆ. ಬಸಳೆ ತಿಂದು ಕುಡಿದವರು ಸತ್ತದ್ದನ್ನು ನಾನು ಕಂಡಿಲ್ಲ. ಮೇಜಿನ ಮೇಲೆ ಎರಡು ಗ್ಲಾಸು ನಾನೇ ತೊಳೆದು ಇಟ್ಟು, ಒಲೆ ಹೊತ್ತಿಸಿದೆ.