ಬಿಸಿ ಬಾಟಲಿಗೆ ಹಾಕಿದ ಸಹಿ

ಗುಳಿಗೆಯಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ. ಗೊಬ್ಬರ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು ಒಂದೇ ಕೆಲಸ, ಅನಿಲಗಳನ್ನು ಬೇಗ ಬೆರೆಸಿ ಮಾರ್ಪಡಿಸುವ ಕ್ಯಾಟಲಿಸ್ಟ್ ಗುಳಿಗೆಗಳ ಜಾತಕ ಜಾಲಾಡುವುದು. ಅದಕ್ಕೇ ಆ ಅಡ್ಡಹೆಸರು. ಬಿಳಿ ಅಲ್ಯುಮಿನಾ ಗುಳಿಗೆ ಬರೀ ಮನೆ ಕಣ್ರೋ, ಅದರ ತೂತುಗಳೊಳಗೆ ಅಂಟಿಕೊಂಡ ನಿಕ್ಕಲ್ ಕಣಗಳೇ ದುಡಿಯೋ ಮಂದಿ ಎಂದು ಹೊಸಬರಿಗೆ ಹೇಳುತ್ತಿದ್ದಳು. ಗುಳಿಗೆಯನ್ನು ಯಂತ್ರದಲ್ಲಿ ಅಮುಕಿ ಎಷ್ಟು ಭಾರಕ್ಕೆ ಪುಡಿಯಾಗುತ್ತದೆಂದು ನೋಡುವಳು, ಹೈಡ್ರೋಜನ್ ಹರಿಸಿ ಎಷ್ಟು ಹೀರಿತೆಂದು ಅಳೆಯುವಳು. ಹೀರಿದರೆ ನಿಕ್ಕಲ್‌ಗೆ ಜೀವವಿದೆ, ಇಲ್ಲದಿದ್ದರೆ ಸತ್ತಿದೆ. ಒಮ್ಮೆ ಅಂಕಿ ತಿದ್ದು ಎಂದ ಮೇಸ್ತ್ರಿಯ ತಲೆಗೆ ಸ್ಟೀಲ್ ತಟ್ಟೆಯಲ್ಲಿ ಬಾರಿಸಿ ನಾಲ್ಕು ಹೊಲಿಗೆ ಹಾಕಿಸಿದ್ದಳು, ಮಹಾತಾಯಿ.

ಅವಳ ತಮ್ಮ ಅಲ್ಲೇ ಗುತ್ತಿಗೆ ಫಿಟ್ಟರ್. ಹಳೇ ಗುಳಿಗೆ ತೆಗೆಯಲು, ಅವು ತುಂಬಿರುವ ದೊಡ್ಡ ಉಕ್ಕಿನ ರಿಯಾಕ್ಟರ್‌ನ ಮುಚ್ಚಳ ಬಿಚ್ಚುವವನು ಅವನೇ. ಜೀವವಿರುವ ನಿಕ್ಕಲ್‌ಗೆ ಒಮ್ಮೆಲೇ ಗಾಳಿ ತಗುಲಿದರೆ ನಿಗಿನಿಗಿ ಕೆಂಡವಾಗುತ್ತದೆ. ಹಾಗಾಗಿ ನೈಟ್ರೋಜನ್ ಜೊತೆ ಚೂರುಚೂರೇ ಗಾಳಿ ಬಿಟ್ಟು ಎರಡು ದಿನ ತಣಿಸಬೇಕು. ಸತ್ತಿದೆ ಎಂದು ಗುಳಿಗೆಯಕ್ಕ ಬರೆದುಕೊಟ್ಟ ಮೇಲೆಯೇ ಯಾರಾದರೂ ಬೋಲ್ಟಿಗೆ ಕೈ ಹಾಕುತ್ತಿದ್ದರು.

ಆ ಮಂಗಳವಾರ ಮ್ಯಾನೇಜರ್ ತಣಿಸುವುದನ್ನು ಅರ್ಧ ದಿನಕ್ಕೇ ಸಾಕೆಂದು ನಿಲ್ಲಿಸಿ, ಸ್ಯಾಂಪಲ್ ಬಾಟಲಿಯನ್ನು ತಾನೇ ಹಿಡಿದು ತಂದ. ಕೈಗೆ ತಗೊಂಡರೆ ಬಾಟಲಿ ಬಿಸಿ! ಅಳೆದು ನೋಡಿದಳು, ಹೈಡ್ರೋಜನ್ ಒಂದಿಷ್ಟೂ ಹೀರಲಿಲ್ಲ. ಬಾಟಲಿಯ ಮುಚ್ಚಳ ಸಡಿಲಾಗಿ ದಾರಿಯಲ್ಲೇ ಗಾಳಿ ನುಗ್ಗಿತ್ತು, ಅದಕ್ಕೇ ಆ ಬಿಸಿ. ನಿಕ್ಕಲ್ ಸತ್ತದ್ದು ಬಾಟಲಿಯಲ್ಲಿ, ರಿಯಾಕ್ಟರ್‌ನಲ್ಲಿ ಅಲ್ಲ.

ಬೇರೆ ಸ್ಯಾಂಪಲ್ ತರಿಸಿ ಎಂದಳು. ಅವನು ಹಾರಾಡಿದ, ಇವಳೂ ಬಿಡಲಿಲ್ಲ. ಅವನು ಬೀಕರ್ ಎತ್ತಿ ಗೋಡೆಗೆ ಎಸೆದ. ಗಾಜು ಸಿಡಿದು ಇವಳ ಕಿವಿ ಹರಿಯಿತು. ರಕ್ತ ಒರೆಸಿಕೊಳ್ಳದೆಯೇ ಅವನ ಕೆನ್ನೆಗೆ ಫಟಾರನೆ ಬಿಟ್ಟಳು. ಆಗ ಅವನು ದನಿ ತಗ್ಗಿಸಿದ.

"ಸಹಿ ಹಾಕು. ಇಲ್ಲಾಂದ್ರೆ ನಾಳೆಯಿಂದ ನಿನ್ನ ತಮ್ಮ ಬರೋದು ಬೇಡ."

ತಮ್ಮನಿಗೆ ಇದು ಆರನೇ ಕೆಲಸ. ಬಾಕಿ ಐದು ಕಡೆಯೂ ಅಕ್ಕನ ಹಾಗೇ ಕೈ ಮಾಡಿ ಹೊರಬಿದ್ದಿದ್ದ. ಅರ್ಧ ದಿನ ತಣಿಸಿದ್ದಾರಲ್ಲ, ಏನೂ ಆಗಲಿಕ್ಕಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಸತ್ತಿದೆ ಎಂದು ಬರೆದು ಸಹಿ ಹಾಕಿದಳು. ಆ ಕೈಗೆ ಏನು ಬಂದಿತ್ತೋ!

ಕಿವಿಗೆ ಬಟ್ಟೆ ಒತ್ತಿಕೊಂಡು ಕಾಲು ಗಂಟೆ ಕೂತಿದ್ದಳು. ಮನಸ್ಸು ತಡೆಯಲಿಲ್ಲ. ತಮ್ಮನಿಗೆ ಹೇಳಿಬಿಡುತ್ತೇನೆಂದು ಎದ್ದು ಓಡಿದಳು. ಅಂಗಳ ಅರ್ಧ ದಾಟುವಷ್ಟರಲ್ಲಿ ಮುಚ್ಚಳ ಸರಿದು, ಬೆಂಕಿ ಭುಗ್ಗೆಂದು ಅವನ ಮುಖಕ್ಕೂ ತೋಳಿಗೂ ಹೊಡೆಯಿತು. ಅಟ್ಟಣಿಗೆಯಿಂದ ದೊಪ್ಪನೆ ಬಿದ್ದವನ ತೋಳು ಹಿಡಿದು ಎಳೆದರೆ ಚರ್ಮ ಅವಳ ಅಂಗೈಗೇ ಕಿತ್ತು ಬಂತು.

ಮ್ಯಾನೇಜರ್ ಕಾಗದ ಹಿಡಿದು ಓಡಿ ಬಂದ. ನನ್ನದೇನೂ ಇಲ್ಲ, ಇವಳೇ ಬರೆದುಕೊಟ್ಟಿದ್ದು ಎಂದು ಎಲ್ಲರಿಗೂ ತೋರಿಸತೊಡಗಿದ. ಅವಳಿಗೆ ಪಿತ್ತ ನೆತ್ತಿಗೇರಿತು. ತಮ್ಮನ ಬೋಲ್ಟ್ ಬಿಚ್ಚುವ ಕಬ್ಬಿಣದ ಪಾನಾ ಎತ್ತಿಕೊಂಡು ಮೊದಲು ಅವನ ಮೊಣಕೈಗೆ, ಆಮೇಲೆ ಭುಜಕ್ಕೆ ಬೀಸಿದಳು. ಮೂಳೆ ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. ಮೂರನೇ ಏಟು ಬೀಳುವವರೆಗೂ ಒಬ್ಬರೂ ಅಡ್ಡ ಬರಲಿಲ್ಲ.

ಆಸ್ಪತ್ರೆಯಲ್ಲಿ ತಮ್ಮನ ಎರಡೂ ಕಣ್ಣಿಗೆ ಪಟ್ಟಿ. ಅವಳನ್ನು ಕರೆದೊಯ್ಯಲು ಬಂದ ಪೊಲೀಸಮ್ಮ, ಐದು ನಿಮಿಷ ಎಂದು ಬಾಗಿಲಲ್ಲೇ ನಿಂತಳು. ಗುಳಿಗೆಯಕ್ಕ ಬ್ಯಾಂಡೇಜು ಸುತ್ತಿದ ಅವನ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು.

"ಬೇರೆಯವರು ಬರೆದಿದ್ರೆ ನಾನು ಮುಟ್ತಾನೇ ಇರ್ಲಿಲ್ಲ ಅಕ್ಕಾ," ಎಂದ. "ನಿನ್ನ ಸಹಿ ನೋಡಿ ಮುಖ ಕಾಯೋ ಗಾಜೂ ಹಾಕ್ಕೊಳ್ಳದೆ ಬಿಚ್ಚಿದೆ. ಆ ನನ್ಮಗ ನಿನಗೂ ಮೋಸ ಮಾಡಿದ, ಅಲ್ವಾ?"

ಹೂಂ ಎಂದಿದ್ದರೆ ಆಗುತ್ತಿತ್ತು.

"ಇಲ್ಲ ಕಣೋ. ಬಾಟಲಿ ಬಿಸಿ ಇತ್ತು. ನಂಗೆ ಗೊತ್ತಿತ್ತು."

ಅವನು ನೋವಿಗೆ ನರಳುತ್ತಲೇ, ತನ್ನ ಕೈಯನ್ನು ಅವಳ ಕೈಯಿಂದ ಬಿಡಿಸಿಕೊಂಡ.