ಶ್ರುತಿ ಇಳಿಸಿ ಎನ್ನದವಳು

ಬಾಶೆಟ್ಟಿಹಳ್ಳಿಯ ನಮ್ಮ ವಠಾರದಲ್ಲಿ ಸಪ್ಪಲಮ್ಮಕ್ಕನ ಬಗ್ಗೆ ಎಲ್ಲರದ್ದೂ ಒಂದೇ ದೂರು: ಆಕೆ ಮಾತೇ ಆಡುವುದಿಲ್ಲ, ಬಲು ಜಂಬ. ಜಂಬವೇನೋ ಇದೆ, ಇಲ್ಲ ಎನ್ನಲಾರೆ. ಆದರೆ ಮಾತಾಡದಿರುವುದಕ್ಕೆ ಕಾರಣ ಗಂಟಲು. ದನಿ ಎತ್ತಿದರೆ ಸ್ವರ ಉಡುಗಿ ಬರೀ ಗಾಳಿ ಬರುತ್ತದೆ. ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅನ್ನ ಬಡಿಸುವಾಗಲೂ ಸಾಕಾ, ಬೇಕಾ ಎಂದು ಕೈಸನ್ನೆಯಲ್ಲೇ ಕೇಳುತ್ತಾರೆ. ನಾನು ಅದೇ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುವವಳು, ಪಕ್ಕದ ಮನೆಯ ರೂಪ. ಅವರು ಬಾಯಿ ಬಿಡುವುದು ನನ್ನೊಬ್ಬಳ ಹತ್ತಿರ, ಅದೂ ಮನಸ್ಸು ಬಂದರೆ.

ಈ ಅಕ್ಕ ಒಂದು ಕಾಲದಲ್ಲಿ ರಾಣಿ. ನಮ್ಮ ಕಡೆ ಪೌರಾಣಿಕ ನಾಟಕವೆಂದರೆ ಊರ ಗಂಡಸರೇ ಮೀಸೆ ಅಂಟಿಸಿಕೊಂಡು ರಾಜರಾಗುತ್ತಾರೆ. ಹೆಣ್ಣು ಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಎಲ್ಲರನ್ನೂ ತಿದ್ದಿ ಹಾಡಿಸುವವರು ಹಾರ್ಮೋನಿಯಂ ಮೇಷ್ಟ್ರು. ಬೂದಿಗೆರೆ ಕಡೆಯ ಪಿಳ್ಳಪ್ಪ ಅಂಥ ಒಬ್ಬ ಮೇಷ್ಟ್ರು. ಇವರ ಹಾಡಿಗೆ ಅವರು ಮರುಳಾದರು, ಅವರ ಬೆರಳಿಗೆ ಇವರು. ತಾಳಿಯ ಗೊಡವೆಗೆ ಹೋಗದೆ ದೊಡ್ಡಬಳ್ಳಾಪುರದಲ್ಲಿ ಮನೆ ಮಾಡಿದರು. ಎರಡೂ ಕಡೆಯ ನೆಂಟರು ಅಂದೇ ಹೊಸ್ತಿಲು ತುಳಿಯುವುದನ್ನು ಬಿಟ್ಟರು.

ಇಬ್ಬರೂ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವರು. ಬೇರೊಬ್ಬಳ ಹಾಡಿಗೆ ಮೇಷ್ಟ್ರು ತಲೆದೂಗಿದರೆ ಇವರು ತಟ್ಟೆ ಎಸೆಯುತ್ತಿದ್ದರು. ಇವರು ಯಾವನೋ ರಾಜನ ಜೊತೆ ನಕ್ಕರೆ ಮೇಷ್ಟ್ರು ದಿನಗಟ್ಟಲೆ ಮನೆಗೇ ಬರುತ್ತಿರಲಿಲ್ಲ. ರಾಜಿಯಾದರಂತೂ ಹೊಸದಾಗಿ ಮದುವೆಯಾದವರ ಹಾಗೆ ಸಿನಿಮಾ, ಮಲ್ಲಿಗೆ ಹೂವು. ಇಷ್ಟೇ ಆಗಿದ್ದರೆ ನಾಲ್ಕು ತಟ್ಟೆಗಳಲ್ಲಿ ಮುಗಿಯುತ್ತಿತ್ತು. ಜಗಳವನ್ನು ಅವರು ರಂಗದ ಮೇಲಕ್ಕೂ ಒಯ್ದರು.

ಹಾಡು ಎಷ್ಟು ಎತ್ತರದಲ್ಲಿ ನಡೆಯಬೇಕು ಎಂಬುದು ಹಾರ್ಮೋನಿಯಂ ಹಿಡಿದವರ ಕೈಯಲ್ಲಿರುತ್ತದೆ. ಹಾಡುವವರಿಗೆ ಕಷ್ಟವಾದರೆ ಮೇಷ್ಟ್ರ ಕಡೆ ಒಂದು ಸಲ ನೋಡುತ್ತಾರೆ, ಮೇಷ್ಟ್ರು ಶ್ರುತಿ ಇಳಿಸುತ್ತಾರೆ. ಅದು ರಂಗದ ರೂಢಿ. ಮುನಿಸಿದ್ದ ದಿನ ಪಿಳ್ಳಪ್ಪ ಮೇಷ್ಟ್ರು ಬೇಕೆಂದೇ ಶ್ರುತಿ ಏರಿಸುತ್ತಿದ್ದರು. ಅಕ್ಕ ಸತ್ತರೂ ಅವರ ಕಡೆ ನೋಡುತ್ತಿರಲಿಲ್ಲ. ಆ ಎತ್ತರದಲ್ಲೇ ಹಾಡುತ್ತಿದ್ದರು. ಮೇಷ್ಟ್ರು ಮುಂದಿನ ಹಾಡಿಗೆ ಇನ್ನಷ್ಟು ಏರಿಸುತ್ತಿದ್ದರು. ಜನಕ್ಕೇನು, ಶಿಳ್ಳೆ ಮೇಲೆ ಶಿಳ್ಳೆ! ಆ ಜೋಡಿಯೇ ಬೇಕು ಎಂದು ಊರೂರಿನವರು ಹುಡುಕಿಕೊಂಡು ಬರುತ್ತಿದ್ದರು. ಒಬ್ಬ ಹೆಂಗಸಿನ ಗಂಟಲು ಹರಿಯುತ್ತಿದೆ ಎಂದು ಒಬ್ಬನಿಗೂ ಅನ್ನಿಸಲಿಲ್ಲ.

ಚನ್ನರಾಯಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ, ಹಾಡಿನ ನಡುವೆಯೇ ದನಿ ನಿಂತುಹೋಯಿತು. ಆಪರೇಷನ್ ಆಯಿತು. ಮಾತು ಅಷ್ಟೋ ಇಷ್ಟೋ ಬಂತು, ಹಾಡು ಬರಲಿಲ್ಲ. ಮೇಷ್ಟ್ರು ಗಂಜಿ ಕುಡಿಸಲು ಬಂದರೆ ಅಕ್ಕ ಮುಖ ತಿರುಗಿಸುತ್ತಿದ್ದರು. ಒಂದು ದಿನ ಮೇಷ್ಟ್ರು ಹಾರ್ಮೋನಿಯಂ ಎತ್ತಿಕೊಂಡು ಹೊರಟರು. ಇವರು ತಡೆಯಲಿಲ್ಲ.

ಆಮೇಲೆ ಅಕ್ಕ ನಮ್ಮ ವಠಾರಕ್ಕೆ ಬಂದದ್ದು. ಎಲ್ಲೋ ಮೈಕಿನಲ್ಲಿ ನಾಟಕದ ಹಾಡು ಕೇಳಿದರೆ ಎದ್ದು ಬಾಗಿಲು ಹಾಕಿಕೊಳ್ಳುತ್ತಾರೆ. ಹಬ್ಬದ ದಿನ ಒಬ್ಬಟ್ಟು ಕೊಡಲು ಹೋದಾಗ ನನಗೆ ಹೇಳಿದ್ದರು, "ಮನೇಲಿ ಜಗಳ ಆಡೋಕೂ ಒಂದು ಜನ ಇಲ್ಲ ಕಣೇ."

ಈ ಸಲದ ಚಳಿಗಾಲದಲ್ಲಿ ಒಂದು ಭಾನುವಾರ ನಾನೂ ಅಕ್ಕನೂ ಅವರ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಬಡಕಲು ಮುದುಕರೊಬ್ಬರು ಬರಿಗೈಯಲ್ಲಿ ಬಂದು ನಿಂತರು. ಅಕ್ಕನ ಕೈ ನಿಂತಿತು. ಪಿಳ್ಳಪ್ಪ ಮೇಷ್ಟ್ರು ಎಂದು ಯಾರೂ ಹೇಳದೆಯೇ ನನಗೆ ಗೊತ್ತಾಯಿತು.

"ಹೆಂಗಿದ್ದೀಯ?"

"ನೋಡ್ತಿದ್ದೀರಲ್ಲ, ಹಿಂಗಿದ್ದೀನಿ."

ಅಕ್ಕ ಕಾಫಿ ಕೊಟ್ಟರು. ಕುಡಿದು ಲೋಟ ಕೆಳಗಿಟ್ಟು ಮೇಷ್ಟ್ರು ನೆಲ ನೋಡುತ್ತಾ ಹೇಳಿದರು, "ಒಂದ್ಸಲ ನನ್ನ ಕಡೆ ನೋಡಿದ್ರೆ ಇಳಿಸ್ತಿದ್ದೆ ಕಣೆ. ನೋಡ್ತಾಳೆ, ನೋಡ್ತಾಳೆ ಅಂತ ಕಾಯ್ತಿದ್ದೆ."

"ನಾನು ನೋಡ್ದೇನೇ ಇಳಿಸ್ತೀರ ಅಂತ ನಾನು ಕಾಯ್ತಿದ್ದೆ."

ಅಷ್ಟೇ. ಅಕ್ಕ ಮತ್ತೆ ಕಾಯಿ ಸುಲಿಯತೊಡಗಿದರು. ಮೊರ ಅರ್ಧ ತುಂಬಿದ ಮೇಲೆ ಮೇಷ್ಟ್ರು ಎದ್ದು "ಬರ್ಲಾ ಹಂಗಾದ್ರೆ?" ಎಂದರು. ಎಂದವರು ಹೊರಡದೆ ನಿಂತೇ ಇದ್ದರು. ಅಕ್ಕ ಕಾಳಿನಿಂದ ಕಣ್ಣೆತ್ತದೆ "ಹೂಂ" ಎಂದರು. ಮೇಷ್ಟ್ರು ಹೋದರು.

ನನಗೆ ಮೈಯೆಲ್ಲ ಉರಿಯಿತು. "ಇರಿ ಅಂದಿದ್ರೆ ನಿಮ್ಮ ಗಂಟೇನಕ್ಕ ಹೋಗ್ತಿತ್ತು?" ಎಂದು ಬೈದು, ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟಾಪಿಗೆ ಓಡಿದೆ. ಅಲ್ಲಿನ ಟೀ ಅಂಗಡಿಯಿಂದ ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆಯನ್ನೂ ಉಬ್ಬಿದ ಒಂದು ಬ್ಯಾಗನ್ನೂ ಈಚೆಗೆ ತೆಗೆದುಕೊಳ್ಳುತ್ತಿದ್ದರು.

"ಇದೇನು ಮೇಷ್ಟ್ರೇ?"

"ನನ್ ಬಟ್ಟೆ ಕಣಮ್ಮ. ತಗೊಂಡೇ ಹೋದ್ರೆ ಏನಂದ್ಕೋತಾಳೋ ಅಂತ ಇಲ್ಲೇ ಇಟ್ಟಿದ್ದೆ. ಇರು ಅಂದಿದ್ರೆ ಬಂದು ತಗೊಂಡೋಗ್ತಿದ್ದೆ."

"ಬನ್ನಿ, ಅಕ್ಕ ಕರೀತಾವ್ರೆ."

ಅವರ ಮುಖ ಅರಳಿತು. "ಅವಳ ಬಾಯಿಂದ್ಲೇ ಬಂತಾ?"

ಹೂಂ ಎನ್ನಬೇಕಿತ್ತು. ಆ ಮುಖಕ್ಕೆ ಇನ್ನೊಂದು ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ಮೇಷ್ಟ್ರು ನಕ್ಕು, ಸಾಮಾನು ಎತ್ತಿಕೊಂಡು ಬಸ್ಸು ಹತ್ತಿದರು.

ಬಸ್ಸು ಜನ ತುಂಬಲಿ ಎಂದು ಎಂಜಿನ್ ಚಾಲೂ ಇಟ್ಟುಕೊಂಡೇ ನಿಂತಿತ್ತು. ನಾನು ವಠಾರಕ್ಕೆ ಓಡಿಬಂದು ಏದುಸಿರಲ್ಲೇ ಬ್ಯಾಗಿನ ವಿಷಯ ಹೇಳಿದೆ. ಅಕ್ಕ ಮೊರ ತಳ್ಳಿ ಎದ್ದರು. "ಇರೋಕೆ ಬಂದಿದ್ರಾ?" ಎಂದು ಬರಿಗಾಲಲ್ಲೇ ರಸ್ತೆಗೆ ಬಂದರು. ಬಸ್ಸು ಆಚೆ ಬದಿಗಿತ್ತು. ನಡುವೆ ಈಗ ಲಾರಿಗಳ ಸಾಲು, ದಾಟುವ ಹಾಗಿರಲಿಲ್ಲ. ಕಿಟಕಿಯಲ್ಲಿ ಮೇಷ್ಟ್ರ ತಲೆಯ ಹಿಂಭಾಗ ಕಾಣುತ್ತಿತ್ತು.

"ಮೇಷ್ಟ್ರೇ!" ಎಂದರು ಅಕ್ಕ.

ಕತ್ತಿನ ನರ ಉಬ್ಬಿತು, ಬಾಯಿ ಪೂರ್ತಿ ತೆರೆಯಿತು. ಬರೀ ಗಾಳಿ ಬಂತು. ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ. ನಾನು ಕೂಗಲು ಹೊರಟೆ. ಅಕ್ಕ ನನ್ನ ಬಾಯಿಗೆ ಕೈ ಅಡ್ಡ ಹಿಡಿದು ತಾವೇ ಇನ್ನೊಮ್ಮೆ ಕರೆದರು, ಮತ್ತೊಮ್ಮೆ ಕರೆದರು. ಬಸ್ಸು ಹೊರಟುಹೋಯಿತು.

ಅಕ್ಕ ನನ್ನ ಕಡೆ ತಿರುಗಿ ಪಿಸುಗುಟ್ಟಿದರು, "ಕರೆದೆ ಅಲ್ವೇನೇ? ನೀನು ನೋಡ್ದೆ ತಾನೇ?"

"ನೋಡ್ದೆ ಅಕ್ಕ" ಎಂದೆ.