ವಾಲಿದ ಮಣ್ಣಲ್ಲಿ ಎದ್ದುನಿಂತ ಮುದುಕಿ

ಅಪ್ಪ ತಿರುಗಿಸುತ್ತಿದ್ದ ಕುಂಬಾರಿಕೆಯ ತಿಗರಿಯ ಮೇಲಿದ್ದ ಮಣ್ಣಿನ ಕೊಳವೆ ಒಂದು ಕಡೆಗೆ ವಾಲಿಬಿಟ್ಟಿತು. ನೆಟ್ಟಗೆ ನಿಂತಿದ್ದರೆ ಉದ್ದಕ್ಕೆ ಸೀಳಿ ಎರಡು ಹೆಂಚು ಮಾಡಬಹುದಿತ್ತು. ಎಪ್ಪತ್ತೈದನೇ ಇಸವಿಯ ಸುಮಾರು, ಬಾಗೂರಿನ ನಮ್ಮ ಅಂಗಳ. ಅಪ್ಪ ಗೊಣಗುತ್ತಾ ಅದನ್ನು ಮತ್ತೆ ಮುದ್ದೆ ಮಾಡಲು ಹೊರಟಾಗ ಅವ್ವ, "ತಡೀರಿ, ಹಂಗೇ ಕೊಡ್ರಿ ಇಲ್ಲಿ" ಅಂದಳು. ವಾಲಿದ್ದನ್ನು ಇನ್ನಷ್ಟು ಬಗ್ಗಿಸಿ, ಹೆಬ್ಬೆರಳಲ್ಲಿ ಒತ್ತಿ ಕೆನ್ನೆ ಗುಳಿ ಬೀಳಿಸಿ, ಸೊಂಟದ ಮೇಲೆ ಕೈಯಿಟ್ಟ ಮುದುಕಿಯನ್ನು ನಿಲ್ಲಿಸಿದಳು.

ಆವಿಗೆಯ ಬೆಂಕಿಯಲ್ಲಿ ಅದೂ ಹೆಂಚಿನ ಜೊತೆ ಬೆಂದಿತು. ಹೆಂಚು ಒಯ್ಯಲು ಚಿತ್ರದುರ್ಗದಿಂದ ಬಂದ ಮೇಷ್ಟ್ರೊಬ್ಬರು ಮುದುಕಿಯನ್ನೇ ನೋಡುತ್ತಾ ನಿಂತು, "ಯಾರಪ್ಪ ಇದನ್ನ ಮಾಡಿದ್ದು?" ಅಂದರು.

ಹೆಂಡತಿಯನ್ನು "ಏ, ಇವಳೇ" ಎಂದಷ್ಟೇ ಕರೆಯುತ್ತಿದ್ದ, ಅವಳ ಹೆಸರನ್ನು ಒಮ್ಮೆಯೂ ಬಾಯಿಗೆ ತಂದಿರದ ಅಪ್ಪ, ಎದೆಯುಬ್ಬಿಸಿ ಹೇಳಿದ: "ಗಂಗಮ್ಮ!"

ಆ ಮುದುಕಿ ಈಗ ನನ್ನ ಮನೆಯಲ್ಲಿದ್ದಾಳೆ. ಯಾರು ಮಾಡಿದ್ದೆಂದು ಬಂದವರು ಕೇಳಿದರೆ ನಾನೂ ಅವ್ವ ಅನ್ನುವುದಿಲ್ಲ. ಗಂಗಮ್ಮ ಅನ್ನುತ್ತೇನೆ.